ಹನ್ನೊಂದಕ್ಕೆ ಮುಂಚಿನ ಹತ್ತು: ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರೇ,

ಹಳೆಯ ಕನ್ನಡ ಚಿತ್ರಕಥೆ ಪುಸ್ತಕಗಳನ್ನು ಹುಡುಕಿ ತಂದು ಕೂಡಿಡುವ ಹುಚ್ಚು ನನ್ನದು. ಜನ ಕಾಮಿಕ್ಸ್ ಎನ್ನುತ್ತಾರಲ್ಲ, ಅವೇ. ನಿಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ‘ಸಗಟು ಖರೀದಿ ಪಟ್ಟಿಗೆ ನನ್ನ ಕೃತಿಯನ್ನೂ ಸೇರಿಸಿಕೊಳ್ಳಿ’ ಎನ್ನುವವು. ಇದು ಆ ಜಾತಿಯದಲ್ಲ. ನಾನು ಹಣ ಕೇಳುತ್ತಿಲ್ಲ, ಪ್ರಶಸ್ತಿ ಕೇಳುತ್ತಿಲ್ಲ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಒಂದು ಬೀರು, ಒಂದು ದಾಖಲಾತಿ ಪುಸ್ತಕ, ನಿಮ್ಮ ಸಹಿ ಬಿದ್ದ ಒಂದು ಸುತ್ತೋಲೆ, ಇಷ್ಟೇ ನನ್ನ ಬೇಡಿಕೆ. ಕಾರಣ ಹೇಳಲು ಸ್ವಲ್ಪ ಉದ್ದಕ್ಕೆ ಬರೆಯಬೇಕಾಗಿದೆ, ಸಹಿಸಿಕೊಳ್ಳಿ.

ಇಂಗ್ಲಿಷಿನ ಅಮರ ಚಿತ್ರಕಥೆ ಸರಣಿ ‘ಕೃಷ್ಣ’ನಿಂದ ಶುರುವಾಗುತ್ತದೆ. ಆ ಪುಸ್ತಕದ ಸರಣಿ ಸಂಖ್ಯೆ 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಬೆಂಗಳೂರಿನಲ್ಲಿ ಈ ಸರಣಿಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು ಕೊಟ್ಟ ಉತ್ತರ ಸರಳವಾಗಿತ್ತು: ಮೊದಲ ಹತ್ತು ಕನ್ನಡದಲ್ಲಿ ಬಂದವು, 1965ರಲ್ಲಿ. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬೈಯ ಮುಖ್ಯ ಕಚೇರಿ ಇಂಗ್ಲಿಷಿಗೆ ಕೈಹಾಕಿತು. ತಮಾಷೆಯೆಂದರೆ, ಮುಂದೆ ದೇಶದ ಮಕ್ಕಳಿಗೆಲ್ಲ ಪುರಾಣ ಕಲಿಸಿದ ಈ ಸರಣಿಯ ಆ ಹತ್ತರಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಸಿಂಡರೆಲ್ಲಾ, ಸ್ನೋ ವೈಟ್, ಪಿನೋಕಿಯೋ, ಅಲ್ಲಾದೀನ ಇದ್ದರು.

ಆದರೆ ನಾವು ಎಲ್ಲೆಲ್ಲೂ ಓದುವ ಚರಿತ್ರೆ ಬೇರೆ. ಅದರ ಪ್ರಕಾರ ಇಸವಿ 1967. ದೆಹಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ರಾಮನ ತಾಯಿ ಯಾರು ಎಂದಾಗ ತಡವರಿಸಿದರು. ಅದನ್ನು ಕಂಡು ಅನಂತ ಪೈ ಅವರು ಈ ಸರಣಿಯನ್ನು ಹುಟ್ಟುಹಾಕಿದರು. ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆದ್ದರಿಂದ ಈ ವ್ಯಾಜ್ಯದಲ್ಲಿ ಯಾರು ಗೆದ್ದರೂ ಕರ್ನಾಟಕಕ್ಕೆ ನಷ್ಟವಿಲ್ಲ. ನನಗೆ ಇಬ್ಬರ ಮೇಲೂ ಗೌರವವಿದೆ. ಪೈ ಅವರಿಲ್ಲದಿದ್ದರೆ ಸರಣಿ ನಾನೂರು ದಾಟುತ್ತಿರಲಿಲ್ಲ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಗೌರವದಿಂದ ತೀರ್ಮಾನವಾಗುವ ವಿಷಯವಲ್ಲ. ಅದಕ್ಕೆ ಸಾಕ್ಷಿ ಆ ಹತ್ತು ಪುಸ್ತಕಗಳೇ. ಒಳರಕ್ಷಾಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮುದ್ರಕರ ಹೆಸರು, ವಿಳಾಸ, ಇಸವಿ ಇರುತ್ತವಲ್ಲ, ಆ ಸಾಲು. ಅದನ್ನು ನೋಡಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಹತ್ತನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಸಂಗ್ರಾಹಕರನ್ನು ನಾನು ಇದುವರೆಗೆ ಕಂಡಿಲ್ಲ. ಒಂದೋ ಎರಡೋ ಇಟ್ಟುಕೊಂಡವರು ಅದನ್ನು ಮನೆಯವರಿಗೂ ತೋರಿಸುವುದಿಲ್ಲ.

ಈ ಹತ್ತು ಬಂದವೆನ್ನುವ 1965ರಲ್ಲೇ ಆಗಿನ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ಆಯಿತು. ನಿಮ್ಮ ಇಲಾಖೆ ಹುಟ್ಟಿದ್ದು ಅದರಿಂದ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಬೀಳುವುದೂ ಅದರಿಂದಲೇ. (ವಸೂಲಾದ ಕರವನ್ನು ನಗರಾಡಳಿತಗಳು ನಿಮಗೆ ಪೂರ್ತಿ ದಾಟಿಸುವುದಿಲ್ಲ ಎಂಬ ಸುದ್ದಿಯನ್ನು ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಓದುತ್ತೇನೆ. ಆ ಜಗಳದಲ್ಲಿ ನಾನು ನಿಮ್ಮ ಪಕ್ಷ.) ಕಾಯ್ದೆಗೂ ಆ ಹತ್ತು ಪುಸ್ತಕಗಳಿಗೂ ಒಂದೇ ವಯಸ್ಸು. ಕಾಯ್ದೆಯ ಪ್ರತಿ ನಿಮ್ಮ ಕಪಾಟಿನಲ್ಲಿ ಭದ್ರವಾಗಿದೆ.

ಅಮರ ಚಿತ್ರಕಥೆಯದಾದರೂ ಪರವಾಗಿಲ್ಲ, ಅದಕ್ಕೆ ಮರುಮುದ್ರಣದ ಭಾಗ್ಯವಿದೆ. ಇಂದ್ರಜಾಲ ಕಾಮಿಕ್ಸಿನ ಗತಿ ನೋಡಿ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚ್‌ನಲ್ಲಿ ಶುರು ಮಾಡಿದ ಸರಣಿ ಅದು. ಮೊದಲ ಮೂವತ್ತೆರಡು ಸಂಚಿಕೆಗಳಲ್ಲಿ ಬರೀ ಫ್ಯಾಂಟಮ್, ಕಾಡಿನಲ್ಲಿ ವಾಸಿಸುವ ಮುಖವಾಡದ ವೀರ. ಆಮೇಲೆ ಮಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಸೇರಿಕೊಂಡರು. 1976ರಲ್ಲಿ ಆಬಿದ್ ಸುರತಿ ಅವರು ಸೃಷ್ಟಿಸಿದ ‘ಬಹಾದುರ್’ ಬಂದ. ಡಕಾಯಿತನ ಮಗನಾಗಿದ್ದೂ ಡಕಾಯಿತರ ವಿರುದ್ಧ ಊರವರನ್ನು ಕಟ್ಟಿ ನಿಲ್ಲಿಸುವ ಈತ ವಿದೇಶಿ ನಾಯಕರ ನಡುವೆ ನಮ್ಮ ನೆಲದವನು. ಎಂಟುನೂರಕ್ಕೂ ಹೆಚ್ಚು ಸಂಚಿಕೆ ಕಂಡು 1990ರಲ್ಲಿ ಸರಣಿ ನಿಂತಿತು. ಹಲವು ಭಾರತೀಯ ಭಾಷೆಗಳಲ್ಲಿ ಬಂತು, ಕನ್ನಡದಲ್ಲೂ ಬಂತು. ಇಂಗ್ಲಿಷ್, ಹಿಂದಿ, ಬಂಗಾಳಿ ಸಂಚಿಕೆಗಳಿಗೆ ಅಭಿಮಾನಿಗಳು ಸಂಖ್ಯೆವಾರು ಪಟ್ಟಿ ಮಾಡಿದ್ದಾರೆ, ರಕ್ಷಾಪುಟಗಳನ್ನು ಸಾಲಾಗಿ ಜೋಡಿಸಿದ್ದಾರೆ, ಎಲ್ಲಿ ಬಣ್ಣ ಬದಲಾಯಿತು, ಎಲ್ಲಿ ಹೆಸರು ಬದಲಾಯಿತು ಎಂದು ಜಗಳವಾಡುತ್ತಾರೆ. ಜಗಳವಾಡಲು ವಿಷಯವೂ ಇದೆ: ಅಮೆರಿಕದ ಮೂಲದಲ್ಲಿ ಫ್ಯಾಂಟಮ್‌ನ ಕಾಡಿಗಿದ್ದ ಹೆಸರು ಬಂಗಾಳವನ್ನು ನೆನಪಿಸುತ್ತದೆಂದು ಇಲ್ಲಿ ಅದನ್ನು ‘ಡೆಂಕಾಲಿ’ ಮಾಡಿದರು, ಸಿಂಗ್ ಹೆಸರಿನ ಕಡಲ್ಗಳ್ಳರು ‘ಸಿಂಗಾ’ ಆದರು. ಕನ್ನಡದ ಸಂಚಿಕೆಗಳಲ್ಲಿ ಇಂಥ ಎಷ್ಟು ತಿದ್ದುಪಡಿಗಳಾದವು, ಅನುವಾದ ಮಾಡಿದವರು ಯಾರು, ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆದ ಕೈ ಯಾರದು? ಕೇಳಲು ಹೋದರೆ ತೋರಿಸಲು ಒಂದು ಪೂರ್ತಿ ಸಾಲು ಸಂಚಿಕೆ ಒಂದೇ ಜಾಗದಲ್ಲಿ ಇಲ್ಲ.

ಇಲ್ಲಿ ನಮ್ಮ ಸಂಗ್ರಾಹಕ ಬಳಗದ ಬಗ್ಗೆಯೂ ಹೇಳಬೇಕು, ಅದರಲ್ಲಿ ನಾನೂ ಒಬ್ಬ. ಹಳೆಯ ಕಾಮಿಕ್ಸಿನ ಪೇಟೆಯಲ್ಲಿ ಕನ್ನಡಕ್ಕೆ ಬೆಲೆಯಿಲ್ಲ. ಇಂಗ್ಲಿಷ್ ಇಂದ್ರಜಾಲದ ಮೊದಲ ಸಂಚಿಕೆ ಎಂದರೆ ಕೊಳ್ಳುವವರು ಮುಗಿಬೀಳುತ್ತಾರೆ. ಅದೇ ಕಾಲದ ಕನ್ನಡ ಪ್ರತಿಯನ್ನು ಅವೆನ್ಯೂ ರಸ್ತೆಯ ವ್ಯಾಪಾರಿ ಹಳೆಯ ಗೈಡುಗಳ ಕಟ್ಟಿನೊಳಗೆ ಸುಮ್ಮನೆ ತುರುಕಿ ಕೊಡುತ್ತಾನೆ. ಕೊಳ್ಳುವವನಿಗೆ ಇದು ಲಾಭ ಎನಿಸಬಹುದು. ಆದರೆ ಬೆಲೆಯಿಲ್ಲದ್ದನ್ನು ಯಾರೂ ಕಾಪಾಡುವುದಿಲ್ಲ, ಅದು ರದ್ದಿಯ ತೂಕದ ತಕ್ಕಡಿ ಹತ್ತುತ್ತದೆ. ಅಮೆರಿಕದಲ್ಲಿ 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ಸೂಪರ್‌ಮ್ಯಾನ್‌ನ ಮೊದಲ ಕಥೆಯ ಸಂಚಿಕೆಯೊಂದು 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಆ ಹುಚ್ಚಾಟ ನಮಗೆ ಬೇಕಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಹಾಕಿ, ಅಂಕ ಕೊಟ್ಟು, ಮತ್ತೆ ತೆರೆಯಲೇಬಾರದೆನ್ನುವ ಪದ್ಧತಿ ನನಗೆ ಅಸಹ್ಯ. ಓದಲಾಗದ ಪುಸ್ತಕ ಷೇರು ಪತ್ರಕ್ಕೆ ಸಮ. ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ದುಡ್ಡಿನ ಆಸೆಗಾದರೂ ಪ್ರತಿಗಳು ಉಳಿದವು. ನಮ್ಮಲ್ಲಿ ದುಡ್ಡೂ ಇಲ್ಲ, ಸರ್ಕಾರದ ಬೀರುವೂ ಇಲ್ಲ.

ಈ ಪುಸ್ತಕಗಳು ಇಷ್ಟು ಪೂರ್ಣವಾಗಿ ಹೇಗೆ ಕಾಣೆಯಾದವು ಎಂದು ನೀವು ಕೇಳಬಹುದು. ಒಂದು, ಮಕ್ಕಳ ಕೈ. ಅದರ ಬಗ್ಗೆ ನನ್ನ ತಕರಾರಿಲ್ಲ, ಓದಿ ಹರಿದದ್ದು ಸಾರ್ಥಕವಾಗಿ ಹರಿದದ್ದು. ಇನ್ನೊಂದು, ಬಾಡಿಗೆ ಗ್ರಂಥಾಲಯಗಳು. ಬಸ್ ನಿಲ್ದಾಣದ ಪಕ್ಕ, ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ದಿನಕ್ಕಿಷ್ಟು ಪೈಸೆ ಎಂದು ಕಾದಂಬರಿಗಳ ಜೊತೆ ಚಿತ್ರಕಥೆಗಳನ್ನೂ ಕೊಡುತ್ತಿದ್ದರು. ಅವರು ಹತ್ತು ಸಂಚಿಕೆ ಸೇರಿಸಿ ದಬ್ಬಳದಲ್ಲಿ ಹೊಲಿದು, ರಟ್ಟು ಅಂಟಿಸಿ, ಅಂಚು ಕತ್ತರಿಸಿ ಬೈಂಡ್ ಮಾಡಿಸುತ್ತಿದ್ದರು. ಅಂಚಿನ ಜೊತೆ ಚಿತ್ರದ ಬದಿಯೂ, ಎಷ್ಟೋ ಸಲ ಅಡಿಯ ಮುದ್ರಣದ ಸಾಲೂ ಹೋಯಿತು. ಆದರೂ ಇಂದು ಉಳಿದಿರುವ ಕನ್ನಡ ಪ್ರತಿಗಳಲ್ಲಿ ಗಣನೀಯ ಪಾಲು ಅಂಥ ಬೈಂಡುಗಳೊಳಗಿನವೇ. ಆ ಅಂಗಡಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ಮೂರನೆಯದು ಕಾಗದ. ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಕಂದಾಗಿ, ಆಮ್ಲವಾಗಿ, ತನ್ನನ್ನು ತಾನೇ ತಿನ್ನುತ್ತದೆ. ನಡುವಿನ ಕಬ್ಬಿಣದ ಪಿನ್ನು ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು, ಸುತ್ತಲಿನ ಕಾಗದವನ್ನು ಸುಟ್ಟು, ನಡುಪುಟವನ್ನು ಕಳಚಿ ಕೈಗೆ ಕೊಡುತ್ತದೆ. ಕರಾವಳಿ, ಮಲೆನಾಡಿನ ಮನೆಗಳಿಂದ ಬರುವ ಪ್ರತಿಗಳಲ್ಲಿ ಈ ರೋಗ ಹೆಚ್ಚು. ಬಯಲುಸೀಮೆಯ ಒಣ ಅಟ್ಟದಿಂದ ಬಂದವು ಎಷ್ಟೋ ವಾಸಿ, ಗೆದ್ದಲು ಮುಟ್ಟಿರದಿದ್ದರೆ.

ನಾಲ್ಕನೆಯ ಕಾರಣಕ್ಕೆ ಕಾಗದವೂ ಹೊಣೆಯಲ್ಲ, ಮಕ್ಕಳೂ ಹೊಣೆಯಲ್ಲ. ಅದು ವರ್ಗೀಕರಣ. ಚಿತ್ರಕಥೆ ಪುಸ್ತಕವೋ ನಿಯತಕಾಲಿಕವೋ ಎಂದು ನಮ್ಮ ವ್ಯವಸ್ಥೆ ಎಂದೂ ತೀರ್ಮಾನಿಸಲಿಲ್ಲ. ಇಂದ್ರಜಾಲ ಪತ್ರಿಕೆಯಂತೆ ಅವಧಿಗೊಮ್ಮೆ ಬರುತ್ತಿತ್ತು. ಅಮರ ಚಿತ್ರಕಥೆಯ ಒಂದೊಂದೂ ತಾನೇ ಒಂದು ಪುಸ್ತಕ, ಆದರೆ ನಡುವೆ ಪಿನ್ನು ಹೊಡೆದ, ಬೆನ್ನಿಲ್ಲದ ಪುಸ್ತಕ. ಬೆನ್ನಿಲ್ಲದ್ದು ಕಪಾಟಿನಲ್ಲಿ ನಿಲ್ಲುವುದಿಲ್ಲ. ನಿಲ್ಲದ್ದನ್ನು ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳ ಜೊತೆ ಹರಡುತ್ತಾರೆ, ಹಳೆಯದಾದ ಮೇಲೆ ಪತ್ರಿಕೆಗಳ ಜೊತೆಯೇ ತೂಕಕ್ಕೆ ಹಾಕುತ್ತಾರೆ. ಗ್ರಂಥಾಲಯ ಶಾಸ್ತ್ರಕ್ಕೆ ಇದರ ಅರಿವಿಲ್ಲ ಎಂದಲ್ಲ. ನೀವೆಲ್ಲ ಬಳಸುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಚಿತ್ರಕಥೆಗೆ 741.5 ಎಂಬ ಮನೆಯೇ ಇದೆ. ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂದು ಸೂತ್ರ ಬರೆದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಮನೆಯೂ ಇದೆ, ಸೂತ್ರವೂ ಇದೆ, ಒಳಗೆ ಬರಬೇಕಾದವರನ್ನು ಬಾಗಿಲಲ್ಲೇ ತಡೆಯುತ್ತಿದ್ದೇವೆ. ನನಗೆ ಪರಿಚಯದ ಹಿರಿಯರೊಬ್ಬರು ತಮ್ಮ ಸಂಗ್ರಹವನ್ನು ಉಚಿತವಾಗಿ ಕೊಡಲು ಒಂದು ಸಂಸ್ಥೆಗೆ ಹೋದರು, ಯಾವುದೆಂದು ಹೇಳುವುದಿಲ್ಲ. ‘ಇವು ಮಕ್ಕಳ ಪುಸ್ತಕ, ಅದರಲ್ಲೂ ಹಳೆಯವು, ಹೊಸದಿದ್ದರೆ ಕೊಡಿ’ ಎಂಬ ಉತ್ತರ ಬಂತು. ಅವರು ತೀರಿಕೊಂಡ ಮೇಲೆ ಮನೆಯವರು ಮನೆ ಖಾಲಿ ಮಾಡಿದರು. ಪುಸ್ತಕಗಳು ಎಲ್ಲಿಗೆ ಹೋದವೆಂದು ಯಾರಿಗೂ ಗೊತ್ತಿಲ್ಲ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಎಲ್ಲ ಡಿಜಿಟಲ್ ಆಗುತ್ತಿರುವಾಗ ಹಳೆಯ ಕಾಗದ ಏಕೆ? ಸ್ಕ್ಯಾನ್ ಮಾಡಿ ಹಾಕಿದರಾಯಿತು’ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಸ್ಕ್ಯಾನ್ ಮಾಡುವವರು ಯಾರು? ನಾನು ಮಾಡಿ ಜಾಲತಾಣಕ್ಕೆ ಹಾಕಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಈ ಸರಣಿಗಳಿಗೆ ಇಂದೂ ಹಕ್ಕುದಾರರಿದ್ದಾರೆ, ಕಲಾವಿದರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ನಿಮಗೆ ಒಂದು ಬಾಗಿಲು ತೆರೆದಿದೆ. 52ನೇ ಸೆಕ್ಷನ್ನಿನ ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಶೇಖರಿಸಿಡಬಹುದು. ಷರತ್ತು ಒಂದೇ: ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದ ಬಳಿ ಮೊದಲೇ ಇರಬೇಕು. ಅದೇ ಸೆಕ್ಷನ್ನಿನ ಇನ್ನೊಂದು ಉಪವಾಕ್ಯ, ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಗ್ರಂಥಾಲಯದ ಬಳಕೆಗೆ ಮಾಡಿಕೊಳ್ಳಬಹುದು ಎನ್ನುತ್ತದೆ. ಅಂದರೆ ನೋಡಿ: ಪುಸ್ತಕ ಇರುವ ನಮಗೆ ನಕಲು ಮಾಡುವ ಅಧಿಕಾರವಿಲ್ಲ; ಅಧಿಕಾರವಿರುವ ನಿಮ್ಮ ಬಳಿ ಪುಸ್ತಕವಿಲ್ಲ. ಕಾಗದ ನಮ್ಮ ಅಟ್ಟದಿಂದ ನಿಮ್ಮ ಬೀರುವಿಗೆ ಬಂದರೆ ಸಾಕು, ಕಾನೂನು ತಾನಾಗಿಯೇ ನಿಮ್ಮ ಕಡೆಗೆ ತಿರುಗುತ್ತದೆ. ನಾನು ಬೀರು ಕೇಳುತ್ತಿರುವುದು ಇದಕ್ಕಾಗಿ. ಅದನ್ನು ಎಲ್ಲರಿಗೂ ಜಾಲತಾಣದಲ್ಲಿ ತೆರೆದಿಡುವುದು ಬೇರೆ ಪ್ರಶ್ನೆ, ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಮೊದಲು ಉಳಿಯಲಿ, ತೆರೆಯುವುದು ಆಮೇಲಿನ ಮಾತು.

ಉಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ನಿದರ್ಶನವಿದೆ. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು 1942ರಿಂದ 1967ರವರೆಗೆ ನಡೆಸಿದ ಹಾಸ್ಯ ಪತ್ರಿಕೆ ‘ಕೊರವಂಜಿ’ಯ ಸಂಚಿಕೆಗಳನ್ನು ಅಭಿಮಾನಿಗಳು ಹುಡುಕಿ ಸೇರಿಸಿದ್ದರಿಂದ ಇಂದು ಅವನ್ನು ಕಂಪ್ಯೂಟರ್ ಪರದೆಯ ಮೇಲೆ ಓದಬಹುದು. ಆರ್.ಕೆ. ಲಕ್ಷ್ಮಣ್ ಇನ್ನೂ ಜಗತ್ಪ್ರಸಿದ್ಧರಾಗುವ ಮೊದಲು ಅಲ್ಲಿ ಎಳೆದ ಗೆರೆಗಳು ಹಾಗೆ ನಮಗೆ ದಕ್ಕಿವೆ. ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯೂ ಇದೆ. ವ್ಯಂಗ್ಯಚಿತ್ರಕ್ಕೆ ಅಷ್ಟು ಮರ್ಯಾದೆ ಸಿಕ್ಕಿದೆ, ಒಳ್ಳೆಯದು. ಆದರೆ ಚಿತ್ರದಲ್ಲಿ ಕಥೆ ಹೇಳಿದವರಿಗೆ, ಅದನ್ನು ಕನ್ನಡಕ್ಕೆ ತಂದ ಹೆಸರಿಲ್ಲದ ಅನುವಾದಕರಿಗೆ ಗೋಡೆಯಿರಲಿ, ಒಂದು ಕಪಾಟೂ ಇಲ್ಲ.

ಹೊರಗಿನವರು ಏನು ಮಾಡಿದ್ದಾರೆ ಎಂದು ಹೇಳಿ ನಾಚಿಸುವ ಉದ್ದೇಶ ನನಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹಕ್ಕುಸ್ವಾಮ್ಯ ನೋಂದಣಿಗೆಂದು ಬಂದ ಕಾಮಿಕ್ಸ್ ಪ್ರತಿಗಳೇ ಸೇರಿ ಲಕ್ಷ ದಾಟಿದ ಸಂಗ್ರಹವಾಗಿದೆ. ಅವರು ಬೇಟೆಗೆ ಹೋಗಲಿಲ್ಲ, ಬಂದದ್ದನ್ನು ಎಸೆಯಲಿಲ್ಲ, ಅಷ್ಟೇ. ನನಗೆ ಹೆಚ್ಚು ಇಷ್ಟವಾದದ್ದು ಜಪಾನಿನ ಕ್ಯೋಟೋ. ಅಲ್ಲಿ 2006ರಲ್ಲಿ ನಗರಾಡಳಿತವೂ ಒಂದು ವಿಶ್ವವಿದ್ಯಾಲಯವೂ ಕೂಡಿ, ಮುಚ್ಚಿಹೋಗಿದ್ದ ಪ್ರಾಥಮಿಕ ಶಾಲೆಯೊಂದರ ಕಟ್ಟಡದಲ್ಲಿ ಮಾಂಗಾ ವಸ್ತುಸಂಗ್ರಹಾಲಯ ತೆರೆದವು. ಅಂಗಳದ ಹುಲ್ಲಿನ ಮೇಲೆ ಕುಳಿತು ಹಳೆಯ ಚಿತ್ರಕಥೆ ಓದಬಹುದು. ಮುಚ್ಚಿದ ಶಾಲಾ ಕಟ್ಟಡಗಳ ವಿಷಯದಲ್ಲಾದರೂ ನಾವು ಜಪಾನಿಗೆ ಸೋಲುವವರಲ್ಲ. ಆದರೂ ನಾನು ಕಟ್ಟಡ ಕೇಳುತ್ತಿಲ್ಲ, ಬೀರು ಕೇಳುತ್ತಿದ್ದೇನೆ.

ಈ ಕಥೆಗಳಲ್ಲಿ ದೋಷವಿಲ್ಲವೇ ಎಂದು ಕೇಳುವವರಿದ್ದಾರೆ. ಬೇಕಾದಷ್ಟಿದೆ. ಹಳೆಯ ಅಮರ ಚಿತ್ರಕಥೆಗಳಲ್ಲಿ ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಹೆಂಗಸರಿಗೆ ಅಳುವ, ಕಾಯುವ ಕೆಲಸ ಹೆಚ್ಚು. ಫ್ಯಾಂಟಮ್ ಕಥೆಗಳಲ್ಲಿ ಆಫ್ರಿಕಾದವರನ್ನು ಬರೆದ ರೀತಿಯನ್ನು ಇಂದು ಮಗುವಿಗೆ ತೋರಿಸುವಾಗ ಪಕ್ಕದಲ್ಲಿ ಕುಳಿತು ಮಾತನಾಡಬೇಕಾಗುತ್ತದೆ. ಇದನ್ನೆಲ್ಲ ವಿದ್ವಾಂಸರು ಬರೆದಿದ್ದಾರೆ, ಇನ್ನೂ ಬರೆಯಬೇಕು. ಆದರೆ ಬರೆಯಲು ಮೊದಲ ಮುದ್ರಣ ಬೇಕು. ಮರುಮುದ್ರಣದಲ್ಲಿ ರಕ್ಷಾಪುಟ ಬದಲಾಗುತ್ತದೆ, ಬಣ್ಣ ತಿದ್ದಲ್ಪಡುತ್ತದೆ. ಹಿಂಬದಿಯ ಜಾಹೀರಾತಂತೂ ಮೊದಲೇ ಮಾಯ. ಪಾಪಿನ್ಸ್ ಪೆಪ್ಪರ್‌ಮಿಂಟಿನ ರಾಮ್ ಮತ್ತು ಶ್ಯಾಮ್, ಗೋಲ್ಡ್ ಸ್ಪಾಟ್ ಪಾನೀಯ ಆ ಕಾಲದ ಮಗುವಿಗೆ ಏನನ್ನು ಆಸೆಪಡಲು ಕಲಿಸಿದವು ಎಂಬ ಚರಿತ್ರೆಯನ್ನು ಯಾವ ಮರುಮುದ್ರಣವೂ ಇಟ್ಟುಕೊಳ್ಳುವುದಿಲ್ಲ. ತೊಂಬತ್ತರ ದಶಕದಲ್ಲಿ ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನನ್ನು ಓದಿ ಬೆಳೆದವರು ಇಂದು ಅಪ್ಪ ಅಮ್ಮಂದಿರು. ಕೊಟ್ಟಾಯಂನಿಂದ ಬಂದ ಆ ಇಲಿ ಕನ್ನಡದ ಅಷ್ಟು ಮನೆಗಳಿಗೆ ಹೇಗೆ ಹೊಕ್ಕಿತು ಎಂಬುದು ಒಳ್ಳೆಯ ಸಂಶೋಧನಾ ಪ್ರಬಂಧದ ವಿಷಯ. ಆ ವಿದ್ಯಾರ್ಥಿ ಬಂದಾಗ ನೀವು ಏನು ತೋರಿಸುತ್ತೀರಿ?

ಸಂಗ್ರಾಹಕ ಮಿತ್ರರೇ, ಪತ್ರ ಬಹಿರಂಗವಾಗಿರುವುದರಿಂದ ನಿಮಗೂ ಒಂದು ಮಾತು. ನಮ್ಮ ಗುಟ್ಟು ಸಾಕು. ಇರುವುದನ್ನು ಪಟ್ಟಿ ಮಾಡಿ: ಸರಣಿ, ಸಂಖ್ಯೆ, ಇಸವಿ, ಬೆಲೆ, ಮುದ್ರಕರು. ಎರಡು ಪ್ರತಿ ಇದ್ದರೆ ಒಂದನ್ನು ಬಿಟ್ಟುಕೊಡಲು ಮನಸ್ಸು ಮಾಡಿ. ಹರಿದದ್ದಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಅದು ಹಳದಿ ಗೋಂದಾಗಿ ಅಕ್ಷರವನ್ನು ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಕೊಲೆ. ನಾವು ಹೋದ ಮೇಲೆ ಯಾರಿಗೆ ಎಂದು ಮನೆಯವರಿಗೆ ಬರವಣಿಗೆಯಲ್ಲಿ ಹೇಳಿಡಿ. ಅವರಿಗೆ ಇದು ಹಳೆಯ ಕಾಗದ, ಅದು ಅವರ ತಪ್ಪಲ್ಲ.

ನಿರ್ದೇಶಕರೇ, ಸುತ್ತೋಲೆಯಲ್ಲಿ ಏನಿರಬೇಕೆಂಬುದನ್ನು ಹೇಳಿ ಮುಗಿಸುತ್ತೇನೆ. ಕನ್ನಡದ ಚಿತ್ರಕಥೆಗಳು ಯಾವ ಕಾಲದವಾದರೂ, ಪಿನ್ನು ಹೊಡೆದವಾದರೂ, ರಕ್ಷಾಪುಟ ಹೋದವಾದರೂ ದಾನವಾಗಿ ಸ್ವೀಕರಿಸತಕ್ಕದ್ದು ಎಂದು ಬರೆಯಿರಿ. ಜಿಲ್ಲಾ ಗ್ರಂಥಾಲಯಗಳಲ್ಲಿ ಬೈಂಡಾಗಿ ಮೂಲೆ ಸೇರಿರುವವನ್ನು ವಿಲೇವಾರಿಗೆ ಹಾಕುವ ಮುನ್ನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪಟ್ಟಿ ಕಳುಹಿಸಲಿ. ಬಂದವನ್ನು ನಿಯತಕಾಲಿಕವೆಂದು ಮೇಜಿನ ಮೇಲೆ ಹರಡದೆ, ಪರಾಮರ್ಶನ ವಿಭಾಗದಲ್ಲಿ ಆಮ್ಲರಹಿತ ಪೆಟ್ಟಿಗೆಯೊಳಗೆ ಮಲಗಿಸಿ ಇಡಲಿ, ನಿಲ್ಲಿಸಿದರೆ ಬಾಗುತ್ತವೆ. ಅನುವಾದಕರ ಹೆಸರು, ಕಲಾವಿದರ ಹೆಸರು ಎಲ್ಲಾದರೂ ಮೂಲೆಯಲ್ಲಿದ್ದರೆ ಅದನ್ನು ಪಟ್ಟಿಯಲ್ಲಿ ದಾಖಲಿಸಲಿ. 1965ರ ಆ ಹತ್ತು ಪುಸ್ತಕಗಳಿಗಾಗಿ ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಕೊಡಿ. ಊರೂರಿನ ಅಟ್ಟಗಳಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ, ಕೇಳಿದರೆ ಇಳಿದು ಬರಬಹುದು. ಮೊದಲ ಕಂತಾಗಿ ನನ್ನ ಕನ್ನಡ ಇಂದ್ರಜಾಲಗಳನ್ನು ಕೊಡಲು ಸಿದ್ಧನಿದ್ದೇನೆ. ಸ್ವೀಕೃತಿ ಪತ್ರ ಸಿಗುವ ದಿನ ನಾನೇ ಹೊತ್ತು ತರುತ್ತೇನೆ.

ಇತಿ,
ಕನ್ನಡ ಚಿತ್ರಕಥೆಗಳ ಒಬ್ಬ ಸಂಗ್ರಾಹಕ

ವಿ.ಸೂ.: ದಾಖಲಾತಿ ಮೊಹರನ್ನು ದಯವಿಟ್ಟು ರಕ್ಷಾಪುಟದ ಮೇಲೆ ಹೊಡೆಯಬೇಡಿ. ಕೊನೆಯ ಪುಟದ ಒಳಬದಿಯಲ್ಲಿ, ಮುದ್ರಕರ ಸಾಲನ್ನು ಬಿಟ್ಟು, ಪೆನ್ಸಿಲಿನಲ್ಲಿ ಸಂಖ್ಯೆ ಬರೆದರೆ ಸಾಕು.